ಟೀಮು ಯಾರಪ್ಪನ ಮನೆ ಆಸ್ತಿ?

“ದುಡ್ಡು ಹಾಕಿದವನದ್ದು ಕಣೋ ಟೀಮು. ಲಾಭ ಕಾಣೋ ಊರಿಗೆ ತಗೊಂಡು ಹೋಗ್ತಾನೆ. ನೀನು ಟಿಕೆಟ್ ತಗೊಂಡು ನೋಡೋನು. ಇಷ್ಟ ಇದ್ರೆ ನೋಡು, ಇಲ್ದಿದ್ರೆ ಚಾನೆಲ್ ಬದಲಾಯ್ಸು.”

ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬ ಫೋನಲ್ಲಿ ಹೇಳಿದ ಮಾತಿದು. ವಿಷಯ ಬಂದಿದ್ದು ಹೈದರಾಬಾದ್ ಎಫ್‌ಸಿ ಬಗ್ಗೆ. ಐಎಸ್‌ಎಲ್ ಫುಟ್‌ಬಾಲ್ ನೋಡೋರಿಗೆ ಗೊತ್ತಿರತ್ತೆ, 2022ರಲ್ಲಿ ಕಪ್ ಗೆದ್ದ ಆ ಟೀಮು 2025ರಲ್ಲಿ ಗಂಟುಮೂಟೆ ಕಟ್ಟಿಕೊಂಡು ದಿಲ್ಲಿಗೆ ಹೋಯ್ತು. ಊರಿನ ಜೊತೆ ಹೆಸರೂ ಬದಲಾಯ್ತು. ಪಾಪ ಆ ಊರಿನ ಅಭಿಮಾನಿಗಳು ಅಂದೆ ನಾನು, ಅಷ್ಟಕ್ಕೇ ಹಿಡ್ಕೊಂಡ.

ಅವನೊಬ್ಬನ ಮೇಲೆ ನನಗೆ ಸಿಟ್ಟಿಲ್ಲ ಬಿಡಿ. 2008ರಲ್ಲಿ ಐಪಿಎಲ್ ಶುರುವಾದಾಗ ನಾವೆಲ್ಲ ಪ್ರೈಮರಿ ಸ್ಕೂಲಲ್ಲಿದ್ವಿ. ನಮ್ಮ ವಯಸ್ಸಿನವರಿಗೆ ಟೀಮು ಅಂದ್ರೆ ಒಬ್ಬ ಓನರ್ರು, ಒಂದು ಹರಾಜು, ಒಂದು ಲೋಗೋ, ಮಧ್ಯೆ ಮಧ್ಯೆ ಜಾಹೀರಾತು. ಡೆಕ್ಕನ್ ಚಾರ್ಜರ್ಸ್ ಮಾಯವಾಯ್ತು, ಕೊಚ್ಚಿ ಟಸ್ಕರ್ಸ್ ಮಾಯವಾಯ್ತು, ಪುಣೆ ವಾರಿಯರ್ಸ್ ಮಾಯವಾಯ್ತು. ಯಾರಾದ್ರೂ ಒಂದು ದಿನ ಊಟ ಬಿಟ್ರಾ? ಹಾಗೆ ಬೆಳೆದವರಿಗೆ ‘ಟೀಮು ಊರಿನದ್ದು’ ಅನ್ನೋದು ಹಳೇ ಕಾಲದ ಮುದುಕರ ಮಾತು ಅನ್ನಿಸೋದು ಸಹಜ. ಆದ್ರೆ ಸಹಜ ಅನ್ನೋ ಕಾರಣಕ್ಕೆ ಅದು ಸರಿ ಆಗಿಬಿಡಲ್ಲ ಸ್ವಾಮಿ. ಅದನ್ನೇ ಹೇಳೋಕೆ ಇಷ್ಟೆಲ್ಲ ಬರೀತಿದ್ದೀನಿ. ಸ್ವಲ್ಪ ಉದ್ದ ಆಗತ್ತೆ, ಕಾಫಿ ತಗೊಂಡು ಕೂತ್ಕೊಳ್ಳಿ :)

ಮೂರು ವರ್ಷದಿಂದ ನಾನಿರೋದು ದಕ್ಷಿಣ ಲಂಡನ್ನಿನ ಟೂಟಿಂಗ್‌ನಲ್ಲಿ. ದೋಸೆ ಸಿಗತ್ತೆ, ಕರಿಬೇವು ಸಿಗತ್ತೆ, ಅದಕ್ಕೇ ಇಲ್ಲಿ ಮನೆ ಮಾಡಿದ್ದು. ಇಲ್ಲಿಂದ ಅರ್ಧ ಗಂಟೆ ನಡೆದ್ರೆ ಪ್ಲೌ ಲೇನ್ ಅನ್ನೋ ರಸ್ತೆ. ವಿಂಬಲ್ಡನ್ ಅಂದ ತಕ್ಷಣ ನಮಗೆ ನೆನಪಾಗೋದು ಟೆನ್ನಿಸ್ಸು, ಬಿಳಿ ಬಟ್ಟೆ, ಸ್ಟ್ರಾಬೆರಿ. ಅದೇ ವಿಂಬಲ್ಡನ್ನಿಗೆ ಒಂದು ಫುಟ್‌ಬಾಲ್ ಕ್ಲಬ್ಬೂ ಇತ್ತು, ಅದನ್ನ ಒಬ್ಬರು ಎತ್ತಿಕೊಂಡು ಹೋದ್ರು, ಊರಿನವರು ಇನ್ನೊಂದು ಕಟ್ಟಿಕೊಂಡ್ರು ಅನ್ನೋದು ಇಲ್ಲಿಗೆ ಬರೋವರೆಗೂ ನನಗೆ ಗೊತ್ತಿರಲಿಲ್ಲ. ನಮ್ಮ ಬೀದಿಯ ಕೊನೆ ಮನೆಯಲ್ಲಿ ಎಪ್ಪತ್ತು ದಾಟಿದ ಅಜ್ಜ ಒಬ್ಬರಿದ್ದಾರೆ. ಅವರ ಹತ್ತಿರ ಹವಾಮಾನದ ಬಗ್ಗೆ ಎರಡು ಮಾತು ಆಡಿದ್ರೆ ಮೂರನೇ ಮಾತು ಫುಟ್‌ಬಾಲ್.

ಅವರ ಕಥೆ ಶುರುವಾಗೋದು 1963ರಿಂದ. ಆಗ ವಿಂಬಲ್ಡನ್ನಿನದ್ದು ಹವ್ಯಾಸಿ ಟೀಮು, ಅಂದ್ರೆ ಸಂಬಳ ಇಲ್ಲದೆ ಆಡೋರು. ಆ ವರ್ಷ ವೆಂಬ್ಲಿಯಲ್ಲಿ ಅಮೆಚೂರ್ ಕಪ್ ಫೈನಲ್. ಪಕ್ಕದೂರಿನ ಸಟನ್ ಯುನೈಟೆಡ್ ಮೇಲೆ 4-2 ಗೆಲುವು. ನಾಲ್ಕು ಗೋಲನ್ನೂ ಹೊಡೆದವನು ಎಡ್ಡಿ ರೆನಾಲ್ಡ್ಸ್ ಒಬ್ಬನೇ, ನಾಲ್ಕೂ ತಲೆಯಿಂದ! ಅಜ್ಜ ಆಗ ಚಡ್ಡಿ ಹಾಕೋ ಹುಡುಗ. ಈಗಲೂ ಹೇಳೋವಾಗ ಕತ್ತು ತಾನಾಗೇ ಮುಂದೆ ಹೋಗತ್ತೆ, ಚೆಂಡು ಇಲ್ಲೇ ಎಲ್ಲೋ ಬರ್ತಿದೆ ಅನ್ನೋ ಥರ.

ಆಮೇಲೆ ಡಿಕಿ ಗೈ. ಗೋಲಿ. 1975ರಲ್ಲಿ ವಿಂಬಲ್ಡನ್ ಇನ್ನೂ ಫುಟ್‌ಬಾಲ್ ಲೀಗಿಗೇ ಸೇರಿರದ ಟೀಮು. ಎಫ್‌ಎ ಕಪ್‌ನಲ್ಲಿ ಮೊದಲ ಡಿವಿಷನ್ನಿನ ಬರ್ನ್ಲಿಯನ್ನ ಅವರ ಊರಲ್ಲೇ 1-0 ಸೋಲಿಸಿದ್ರು. ಮುಂದಿನ ಸುತ್ತಲ್ಲಿ ಎದುರಾಗಿದ್ದು ಇಂಗ್ಲೆಂಡಿನ ಚಾಂಪಿಯನ್ ಲೀಡ್ಸ್. ಅವರ ಮೈದಾನದಲ್ಲೇ ಆಟ, ಪೀಟರ್ ಲೊರಿಮರ್ ಪೆನಾಲ್ಟಿ ಹೊಡೆದ. ಅವನ ಒದೆತ ಅಂದ್ರೆ ಆ ಕಾಲದಲ್ಲಿ ಗೋಲಿಗಳಿಗೆಲ್ಲ ನಡುಕ. ಡಿಕಿ ಗೈ ಹಿಡಿದ. ಆಟ 0-0. ಮರುಪಂದ್ಯದಲ್ಲಿ 1-0 ಸೋತ್ರು, ಅದು ಬೇರೆ ಮಾತು. ಈ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರತ್ತೆ.

1977ರಲ್ಲಿ ಲೀಗಿಗೆ ಪ್ರವೇಶ, ಅತಿ ಕೆಳಗಿನ ನಾಲ್ಕನೇ ಡಿವಿಷನ್ನು. 1986ಕ್ಕೆ ಮೊದಲ ಡಿವಿಷನ್ನು. ಒಂಬತ್ತೇ ವರ್ಷ. ಅಲನ್ ಕಾರ್ಕ್ ಅಂತ ಒಬ್ಬ, 1978ರಲ್ಲಿ ಬಂದವನು 1992ರವರೆಗೂ ಅಲ್ಲೇ ಇದ್ದ, ಒಂದೇ ಕ್ಲಬ್ಬಿಗೆ ನಾಲ್ಕೂ ಡಿವಿಷನ್ನಿನಲ್ಲಿ ಆಡಿದ. ಈಗಿನ ಕಾಲದಲ್ಲಿ ನಾವು ಎರಡು ವರ್ಷ ಒಂದು ಕಂಪನಿಯಲ್ಲಿ ಇದ್ರೆ ‘ಇನ್ನೂ ಅಲ್ಲೇ ಇದ್ದೀಯಾ’ ಅಂತ ಕೇಳ್ತಾರೆ. 1988ರ ಮೇ 14ಕ್ಕೆ ಎಫ್‌ಎ ಕಪ್ ಫೈನಲ್, ಎದುರಿಗೆ ಲಿವರ್‌ಪೂಲ್. ಡೆನ್ನಿಸ್ ವೈಸ್ ಕಳಿಸಿದ ಚೆಂಡಿಗೆ ಲಾರಿ ಸ್ಯಾಂಚೆಜ್ ತಲೆ ಕೊಟ್ಟ. ಜಾನ್ ಆಲ್ಡ್ರಿಜ್ ಹೊಡೆದ ಪೆನಾಲ್ಟಿಯನ್ನ ಕ್ಯಾಪ್ಟನ್ ಡೇವ್ ಬೆಸಂಟ್ ತಡೆದ. ವೆಂಬ್ಲಿಯ ಎಫ್‌ಎ ಕಪ್ ಫೈನಲ್‌ನಲ್ಲಿ ಪೆನಾಲ್ಟಿ ತಡೆದ ಮೊದಲ ಗೋಲಿ ಅವನೇ. 1-0. ವಿನ್ನಿ ಜೋನ್ಸ್ ಅಂತ ಒಬ್ಬ ಇದ್ನಲ್ಲ, ಮುಂದೆ ಸಿನಿಮಾದಲ್ಲಿ ರೌಡಿ ಪಾತ್ರ ಮಾಡಿದವನು, ಅವನೂ ಅದೇ ಟೀಮು. ಮೈದಾನದಲ್ಲೂ ರೌಡಿನೇ ಅಂತ ಅಜ್ಜ ಹೆಮ್ಮೆಯಿಂದ ಹೇಳ್ತಾರೆ.

ಇನ್ನು ಎತ್ತಂಗಡಿ ಕಥೆ.

1989ರಲ್ಲಿ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಜನಸಂದಣಿಯ ಒತ್ತಡಕ್ಕೆ ಸಿಕ್ಕಿ ಜನ ಸತ್ತ ಮೇಲೆ ದೊಡ್ಡ ಕ್ಲಬ್ಬುಗಳ ಮೈದಾನದಲ್ಲೆಲ್ಲ ಸೀಟು ಕಡ್ಡಾಯ ಆಯ್ತು. ಪ್ಲೌ ಲೇನ್ ಸಣ್ಣದು, ಹಳೇದು. 1991ರಲ್ಲಿ ಟೀಮು ಸೆಲ್‌ಹರ್ಸ್ಟ್ ಪಾರ್ಕ್‌ಗೆ ಹೋಯ್ತು, ಕ್ರಿಸ್ಟಲ್ ಪ್ಯಾಲೆಸ್ ಟೀಮಿನ ಮೈದಾನದಲ್ಲಿ ಬಾಡಿಗೆದಾರ. ತಾತ್ಕಾಲಿಕ ಅಂತ ಹೋದದ್ದು. ನಮ್ಮಲ್ಲಿ ರಸ್ತೆ ಅಗೆದು ‘ತಾತ್ಕಾಲಿಕ’ ಅಂತ ಬೋರ್ಡು ಹಾಕ್ತಾರಲ್ಲ, ಅದೇ ಲೆಕ್ಕ. ಹಳೇ ಮೈದಾನ ಮಾರಾಟವಾಯ್ತು. ಕ್ಲಬ್ಬು ನಾರ್ವೆಯ ಹಣವಂತರ ಕೈಗೆ ಹೋಯ್ತು. 2000ದ ಮೇ 14ಕ್ಕೆ, ಕಪ್ ಗೆದ್ದು ಸರಿಯಾಗಿ ಹನ್ನೆರಡು ವರ್ಷಕ್ಕೆ, ಪ್ರೀಮಿಯರ್ ಲೀಗಿನಿಂದ ಕೆಳಗಿಳೀತು.

2001ರಲ್ಲಿ ಕ್ಲಬ್ಬಿನ ಛೇರ್ಮನ್ ಕಡೆಯಿಂದ ಪ್ರಕಟಣೆ: ಟೀಮು ಮಿಲ್ಟನ್ ಕೀನ್ಸ್‌ಗೆ ಹೋಗತ್ತೆ. ಅದೊಂದು ಸುಮಾರು 90 ಕಿಲೋಮೀಟರ್ ಉತ್ತರಕ್ಕಿರೋ ಊರು. 1967ರಲ್ಲಿ ಸರ್ಕಾರ ನಕ್ಷೆ ಹಾಕಿ ಕಟ್ಟೋಕೆ ಶುರುಮಾಡಿದ ಹೊಸ ಪಟ್ಟಣ. ಫುಟ್‌ಬಾಲ್ ಲೀಗ್ ಮೊದಲು ಬೇಡ ಅಂತು. ವಾದ ವಿವಾದ ಎಲ್ಲ ಆಗಿ ಮೂರು ಜನರ ಸಮಿತಿ ಕೂತ್ಕೊಳ್ತು. 2002ರ ಮೇ 28ಕ್ಕೆ ತೀರ್ಪು, 2-1ರಲ್ಲಿ ಓನರ್ ಪರ. ಅದರ ವರದಿಯಲ್ಲಿ ಒಂದು ಮಾತಿದೆ, ಇವತ್ತಿಗೂ ಇಲ್ಲಿನವರ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿದೆ. ಅಭಿಮಾನಿಗಳು ತಮ್ಮದೇ ಹೊಸ ಕ್ಲಬ್ಬು ಮಾಡಿಕೊಳ್ಳೋದು ಫುಟ್‌ಬಾಲಿನ ಒಟ್ಟು ಹಿತಕ್ಕೆ ಒಳ್ಳೇದಲ್ಲ ಅನ್ನೋ ಅರ್ಥದ ಮಾತು.

ಅಂದ್ರೆ ಮನೆ ದೋಚಿದ್ದೂ ಅಲ್ಲದೆ, ಇನ್ನೊಂದು ಮನೆ ಕಟ್ಟಿಕೊಂಡ್ರೆ ಬೀದಿಯ ಅಂದ ಕೆಡತ್ತೆ ಅಂತ ಬುದ್ಧಿವಾದ ಬೇರೆ!

ಇಂಥ ಹೊತ್ತಲ್ಲಿ ಅಭಿಮಾನಿ ಏನು ಮಾಡ್ಬೇಕು? ಮೊದಲನೇ ದಾರಿ, ಕಣ್ಣೀರು ಹಾಕಿ ಮನೇಲಿ ಕೂರೋದು. ಹಳೇ ವಿಡಿಯೋ ನೋಡಿ ‘ಆ ಕಾಲವೇ ಚೆಂದ’ ಅನ್ನೋದು. ಎರಡನೇದು, ಹೊಂದಿಕೊಳ್ಳೋದು. ನನ್ನ ಗೆಳೆಯ ಹೇಳಿದ್ದು ಇದನ್ನೇ. ಬಸ್ಸು ಹತ್ತಿ 90 ಕಿಲೋಮೀಟರ್ ಹೋಗಿ ಚಪ್ಪಾಳೆ ತಟ್ಟೋದು. ಇಲ್ಲಿನವರು ಎರಡನ್ನೂ ಒಲ್ಲೆ ಅಂದ್ರು. ತೀರ್ಪು ಬಂದು ಒಂದೇ ತಿಂಗಳು, 2002ರ ಜೂನ್ 29ಕ್ಕೆ ವಿಂಬಲ್ಡನ್ ಕಾಮನ್ ಅನ್ನೋ ಬಯಲಲ್ಲಿ ಆಟಗಾರರ ಆಯ್ಕೆ ಇಟ್ಟುಕೊಂಡ್ರು. ಯಾರು ಬೇಕಾದ್ರೂ ಬನ್ನಿ ಅಂತ. ನಾಯಿ ಓಡಾಡಿಸೋರ ಮಧ್ಯೆ 230 ಜನ ಬೂಟು ಹಾಕ್ಕೊಂಡು ಬಂದ್ರು. ಜುಲೈ 10ಕ್ಕೆ ಮೊದಲ ಪಂದ್ಯ, ಅದೇ ಸಟನ್ ಯುನೈಟೆಡ್ ಜೊತೆ. 4-0 ಸೋತ್ರು. ಆ ಸೋಲು ನೋಡೋಕೆ ಬಂದವರು 4,657 ಮಂದಿ. ಸೋತ ಟೀಮನ್ನ ಜನ ಹೆಗಲ ಮೇಲೆ ಹೊತ್ತ ಹಾಗೆ ಆಗಿತ್ತು ಅಂತಾರೆ ಅಜ್ಜ.

ಸೇರಿಕೊಂಡಿದ್ದು ಕಂಬೈನ್ಡ್ ಕೌಂಟೀಸ್ ಲೀಗಿಗೆ. ನಮ್ಮ ಲೆಕ್ಕದಲ್ಲಿ ಹೇಳೋದಾದ್ರೆ ರಣಜಿ ಆಡ್ತಿದ್ದವರು ತಾಲ್ಲೂಕು ಟೂರ್ನಮೆಂಟಿಗೆ ಬಂದ ಹಾಗೆ. ಅಲ್ಲಿಗೂ ಸರಾಸರಿ ಮೂರು ಸಾವಿರ ಜನ ಬರೋರು. ಆ ಕಡೆ, ಇನ್ನೂ ಲಂಡನ್ನಲ್ಲೇ ಕೊನೇ ದಿನ ಎಣಿಸ್ತಿದ್ದ ‘ಅಸಲಿ’ ವಿಂಬಲ್ಡನ್ 2002ರ ಅಕ್ಟೋಬರ್‌ನಲ್ಲಿ ರಾದರಮ್ ಜೊತೆ ಆಡಿದಾಗ ನೋಡೋಕೆ ಬಂದವರು 849. ಎರಡನೇ ದರ್ಜೆಯ ದೊಡ್ಡ ಲೀಗು, ಸಂಬಳ ತಗೊಳ್ಳೋ ಆಟಗಾರರು, ದೊಡ್ಡ ಸ್ಟೇಡಿಯಂ, 849 ಜನ! ಯಾವುದು ಟೀಮು, ಯಾವುದು ಬರೀ ಕಾಗದ ಪತ್ರ ಅನ್ನೋದಕ್ಕೆ ನನಗೆ ಇಷ್ಟು ಸಾಕು.

ನಮ್ಮ ಸಾಫ್ಟ್‌ವೇರ್ ಮಂದಿಗೆ ಇದು ಬೇಗ ಅರ್ಥ ಆಗ್ಬೇಕು. ಮೈಎಸ್‌ಕ್ಯೂಎಲ್ ಒರಾಕಲ್ ಕೈಗೆ ಹೋಗೋ ಹೊತ್ತಿಗೆ ಅದನ್ನ ಬರೆದವರೇ ಮರಿಯಾಡಿಬಿ ಅಂತ ಬೇರೆ ಮಾಡಿಕೊಂಡ್ರು. ಓಪನ್ ಆಫೀಸಿನಿಂದ 2010ರಲ್ಲಿ ಲಿಬ್ರೆ ಆಫೀಸ್ ಹುಟ್ಟಿತು. ಟ್ರೇಡ್‌ಮಾರ್ಕು ಕಂಪನಿಗೆ, ಕೋಡೂ ಜನವೂ ಇನ್ನೊಂದು ಕಡೆಗೆ. ಅದನ್ನ ನಾವು ಹೆಮ್ಮೆಯಿಂದ ‘ಫೋರ್ಕ್’ ಅಂತ ಕರೀತೀವಿ, ಅದರ ಮೇಲೆ ಭಾಷಣ ಮಾಡ್ತೀವಿ. ಎಎಫ್‌ಸಿ ವಿಂಬಲ್ಡನ್ ಕೂಡ ಫೋರ್ಕೇ ಅಲ್ವೇನ್ರೀ? ಡೇಟಾಬೇಸಿಗೆ ಒಂದು ನ್ಯಾಯ, ಮೈದಾನಕ್ಕೆ ಇನ್ನೊಂದು ನ್ಯಾಯ ಯಾಕೆ?

ಮುಂದಿನದ್ದು ಚುಟುಕಾಗಿ. 2003ರಿಂದ 2004ರವರೆಗೆ ಲೀಗಿನಲ್ಲಿ ಸತತ 78 ಪಂದ್ಯ ಸೋಲಲಿಲ್ಲ. ಒಂದೊಂದೇ ಮೆಟ್ಟಿಲು ಹತ್ತಿ 2011ರಲ್ಲಿ ಲೂಟನ್ ಟೌನ್ ಮೇಲೆ ಪೆನಾಲ್ಟಿಯಲ್ಲಿ ಗೆದ್ದು ಫುಟ್‌ಬಾಲ್ ಲೀಗಿಗೆ ವಾಪಸ್. ಹುಟ್ಟಿ ಒಂಬತ್ತು ವರ್ಷಕ್ಕೆ! 2006ರ ಒಪ್ಪಂದದ ಪ್ರಕಾರ 1988ರ ಕಪ್ಪಿನ ನೆನಪು, ಹಳೇ ಟ್ರೋಫಿಗಳು ಎಲ್ಲ ವಿಂಬಲ್ಡನ್ ಸೇರಿರೋ ಮರ್ಟನ್ ಪಾಲಿಕೆಗೆ ಬಂದವು. ಡೇವ್ ಬೆಸಂಟ್ ಹಿಡಿದ ಪೆನಾಲ್ಟಿ ಮಿಲ್ಟನ್ ಕೀನ್ಸ್‌ನ ಚರಿತ್ರೆ ಅಲ್ಲ ಅಂತ ಅವರೇ ಒಪ್ಪಿಕೊಂಡ ಹಾಗಾಯ್ತು. ಹೊಸ ಕ್ಲಬ್ಬಿಗೆ ಅಧ್ಯಕ್ಷನಾಗಿ ಬಂದವನು ಯಾರು ಗೊತ್ತಾ? ಲೀಡ್ಸ್ ಪೆನಾಲ್ಟಿ ಹಿಡಿದ ಡಿಕಿ ಗೈ.

ಇಲ್ಲಿ ಒಂದು ಮಾತು ಹೇಳ್ಲೇಬೇಕು. ಹಳೇ ಆಟಗಾರರನ್ನ ನೆನೆಯೋದು ಬರೀ ಹಳಹಳಿಕೆ ಅಂತ ನಗೋರಿದ್ದಾರೆ. ವಿಂಬಲ್ಡನ್ನಿನವರಿಗೆ ಆ ನೆನಪೇ ದಾಖಲೆ ಪತ್ರ. ಕಾನೂನಿನ ಪ್ರಕಾರ ಅವರ ಹತ್ತಿರ ಏನೂ ಇರಲಿಲ್ಲ. ಮೈದಾನ ಇಲ್ಲ, ಆಟಗಾರರಿಲ್ಲ, ಲೀಗಿನ ಜಾಗ ಇಲ್ಲ. ಇದ್ದಿದ್ದು ರೆನಾಲ್ಡ್ಸ್‌ನ ನಾಲ್ಕು ಗೋಲು, ಕಾರ್ಕ್‌ನ ಹದಿನಾಲ್ಕು ವರ್ಷ. ಹಳೇ ಪ್ಲೌ ಲೇನ್ ಮೈದಾನದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಎದ್ದಿವೆ, ಅದಕ್ಕೆ ‘ರೆನಾಲ್ಡ್ಸ್ ಗೇಟ್’ ಅಂತ ಹೆಸರು. ನಮ್ಮ ಬೆಂಗಳೂರಲ್ಲಿ ಕೆರೆ ಮುಚ್ಚಿ ಕಟ್ಟಿದ ಅಪಾರ್ಟ್‌ಮೆಂಟಿಗೆ ‘ಲೇಕ್ ವ್ಯೂ’ ಅಂತ ಹೆಸರಿಡ್ತಾರಲ್ಲ, ನನಗೆ ತಕ್ಷಣ ಅದೇ ನೆನಪಾಯ್ತು. ನೆನಪನ್ನ ಗೇಟಿನ ಮೇಲೆ ಬರೆಸೋದು ಸುಲಭ. ಆ ಜಾಗದಿಂದ ಕೂಗಳತೆ ದೂರದಲ್ಲಿ, ನಾಯಿ ರೇಸು ನಡೀತಿದ್ದ ಜಾಗದಲ್ಲಿ, ಹೊಸ ಮೈದಾನ ಕಟ್ಟಿಸೋದು ಕಷ್ಟ. ಇವರು ಅದನ್ನೂ ಮಾಡಿದ್ರು. ದುಡ್ಡು ಸಾಲದೆ ಬಂದಾಗ, ಕ್ಲಬ್ಬಿನ ಹಿಡಿತವನ್ನೇ ಹೊರಗಿನ ಹೂಡಿಕೆದಾರರಿಗೆ ಒಪ್ಪಿಸೋ ಬದಲು 2020ರಲ್ಲಿ ಬಾಂಡ್ ತೆಗೆದ್ರು. ಜನ 50 ಲಕ್ಷ ಪೌಂಡಿಗಿಂತ ಹೆಚ್ಚು ಹಾಕಿದ್ರು. 2020ರ ನವೆಂಬರ್ 3ಕ್ಕೆ ಮೊದಲ ಪಂದ್ಯ. ಕೊರೋನಾ ಕಾಲ, ಒಳಗೆ ಒಬ್ಬ ಪ್ರೇಕ್ಷಕನೂ ಇಲ್ಲ. ಇಪ್ಪತ್ತೊಂಬತ್ತು ವರ್ಷ ಕಾದು, ಕೊನೆಗೆ ಟಿವಿಯಲ್ಲಿ ನೋಡ್ಬೇಕಾಯ್ತು. ಆ ವಿಷಯ ಬಂದಾಗ ಅಜ್ಜ ಮಾತು ಬದಲಾಯಿಸ್ತಾರೆ.

2025ರ ಮೇ ತಿಂಗಳಲ್ಲಿ ವಾಲ್ಸಾಲ್ ಮೇಲೆ ವೆಂಬ್ಲಿಯಲ್ಲಿ 1-0 ಗೆದ್ದು ಮೂರನೇ ದರ್ಜೆಗೆ ಏರಿದಾಗ, ನಮ್ಮ ಬೀದಿಯಲ್ಲಿ ಹಳದಿ ನೀಲಿ ಬಾವುಟ ಕಟ್ಟಿದ ಮನೆಗಳನ್ನ ಎಣಿಸಿದ್ದೆ. ಹನ್ನೊಂದು.

ಈಗ ಗೆಳೆಯನ ವಾದಕ್ಕೆ ಬರೋಣ. ಅವನ ಹತ್ತಿರ ಒಂದು ಗಟ್ಟಿ ಪ್ರಶ್ನೆ ಇತ್ತು, ಅದನ್ನ ಮುಚ್ಚಿಡಲ್ಲ. “ಊರು ಬಿಟ್ಟು ಸಂಬಳಕ್ಕೆ ಲಂಡನ್ನಿಗೆ ಹೋದವನು ನೀನು. ಟೀಮು ಊರು ಬಿಟ್ರೆ ಮಾತ್ರ ದ್ರೋಹನಾ?” ಅಂದ. ಹೌದು ಮಾರಾಯ, ಹಾಸನದಿಂದ ಬೆಂಗಳೂರು, ಅಲ್ಲಿಂದ ಇಲ್ಲಿ. ಆದ್ರೆ ನಾನು ಬರುವಾಗ ಹಾಸನವನ್ನ ಸೂಟ್‌ಕೇಸಲ್ಲಿ ಹಾಕ್ಕೊಂಡು ಬಂದಿಲ್ವಲ್ಲ! ಆಟಗಾರ ಕ್ಲಬ್ಬು ಬದಲಾಯಿಸಿದ್ರೆ ಯಾರೂ ತಕರಾರು ಮಾಡಲ್ಲ. ಬೆಸಂಟ್ ಕಪ್ ಗೆದ್ದ ಕೆಲವೇ ವಾರಕ್ಕೆ ನ್ಯೂಕಾಸಲ್‌ಗೆ ಹೋದ, ಇಲ್ಲಿ ಅವನಿಗೆ ಇವತ್ತಿಗೂ ರಾಜಮರ್ಯಾದೆ. ಮನುಷ್ಯ ಹೊಟ್ಟೆಪಾಡಿಗೆ ಊರು ಬಿಡೋದೂ, ಊರಿನ ದೇವರ ತೇರನ್ನೇ ಎಳ್ಕೊಂಡು ಹೋಗೋದೂ ಒಂದೇನಾ?

ಇನ್ನೊಂದು ವಾದ, ಮಿಲ್ಟನ್ ಕೀನ್ಸ್‌ನ ಮಕ್ಕಳಿಗೆ ಟೀಮು ಬೇಡ್ವಾ ಅಂತ. ಬೇಕು. 2004ರಿಂದ ಎಂಕೆ ಡಾನ್ಸ್ ಅಂತ ಹೆಸರಿರೋ ಆ ಟೀಮನ್ನ ನೋಡ್ತಾ ಬೆಳೆದ ಹುಡುಗರಿಗೆ ಈಗ ನನ್ನ ಹತ್ತಿರ ಹತ್ತಿರ ವಯಸ್ಸು, ಅವರದ್ದೇನೂ ತಪ್ಪಿಲ್ಲ. ಅವರ ಪ್ರೀತಿಯೂ ಅಸಲಿನೇ. ಆದ್ರೆ ಆ ಊರಲ್ಲಿ ಮೊದಲೇ ಮಿಲ್ಟನ್ ಕೀನ್ಸ್ ಸಿಟಿ ಅನ್ನೋ ಪುಟ್ಟ ಕ್ಲಬ್ಬು ಇತ್ತು ಸ್ವಾಮಿ. ದೊಡ್ಡ ಟೀಮು ಬಂದ 2003ರಲ್ಲೇ ಅದು ಬಾಗಿಲು ಹಾಕ್ತು. ಊರಿಗೆ ಟೀಮು ಬೇಕಿದ್ರೆ ಅದನ್ನ ಸಾಕಬಹುದಿತ್ತಲ್ವಾ? ವಿಂಬಲ್ಡನ್ ಹತ್ತಿದ ಮೆಟ್ಟಿಲು ಅಲ್ಲಿಯವರಿಗೂ ಇತ್ತು. ಓನರ್ರಿಗೆ ಅಷ್ಟು ಪುರುಸೊತ್ತಿರಲಿಲ್ಲ, ಅಷ್ಟೇ. ಬೆಳೆಸೋದಕ್ಕಿಂತ ಕೊಂಡು ತರೋದು ಸಲೀಸು.

ನಮ್ಮ ದೇಶದ ಲೀಗಿನಲ್ಲಿ ಈ ಸಲೀಸೇ ನಿಯಮ ಆಗಿದೆ ಅನ್ನೋದು ನನ್ನ ಹೊಟ್ಟೆಉರಿ. 2019ರಲ್ಲಿ ಪುಣೆ ಟೀಮು ಮುಚ್ಚಿ ಅದರ ಜಾಗಕ್ಕೆ ಹೈದರಾಬಾದ್ ಬಂತು, ದಿಲ್ಲಿ ಡೈನಮೋಸ್ ಭುವನೇಶ್ವರಕ್ಕೆ ಹೋಗಿ ಒಡಿಶಾ ಆಯ್ತು. 2025ರಲ್ಲಿ ಹೈದರಾಬಾದೇ ದಿಲ್ಲಿಗೆ ಹೋಯ್ತು. ಮ್ಯೂಸಿಕಲ್ ಚೇರ್ ಆಟ! ಅದೂ ಎಂಥ ಊರಿಂದ? 1956ರ ಒಲಿಂಪಿಕ್ಸ್‌ನಲ್ಲಿ ಭಾರತವನ್ನ ನಾಲ್ಕನೇ ಸ್ಥಾನಕ್ಕೆ ಒಯ್ದ, 1962ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆಲ್ಲಿಸಿದ ಕೋಚ್ ಸೈಯದ್ ಅಬ್ದುಲ್ ರಹೀಮ್ ಅವರ ಊರಿಂದ. 1950ರಿಂದ ಸತತ ಐದು ವರ್ಷ ರೋವರ್ಸ್ ಕಪ್ ಗೆದ್ದ ಹೈದರಾಬಾದ್ ಸಿಟಿ ಪೊಲೀಸ್ ಟೀಮಿನ ಊರಿಂದ. ಫ್ರಾಂಚೈಸಿಗೆ ಇದರ ಪರಿವೆ ಇರಲಿಲ್ಲ ಅಂದ್ರೆ ಓಕೆ, ಅವರು ವ್ಯಾಪಾರಿಗಳು. ನಮಗೆ?

ನಮ್ಮ ಮಟ್ಟಿಗೇ ನೋಡಿ. 2017ರಲ್ಲಿ ಕಬಡ್ಡಿಯ ಬೆಂಗಳೂರು ಬುಲ್ಸ್ ತನ್ನ ‘ತವರಿನ’ ಪಂದ್ಯಗಳನ್ನ ಆಡಿದ್ದು ನಾಗಪುರದಲ್ಲಿ. ತವರು, ನಾಗಪುರ! ಆಗ ನಾನು ಕಾಲೇಜಲ್ಲಿದ್ದೆ, ಹಾಸ್ಟೆಲ್ಲಿನ ಟಿವಿ ಮುಂದೆ ಕೂತು ಎಲ್ಲರೂ ‘ಬುಲ್ಸ್ ಬುಲ್ಸ್’ ಅಂತ ಕೂಗಿದ್ದೇ ಕೂಗಿದ್ದು, ಇದೇನ್ರೋ ವಿಚಿತ್ರ ಅಂತ ಒಬ್ಬನೂ ಕೇಳಲಿಲ್ಲ. ಸ್ಟೇಡಿಯಂ ಸಿಗದ ಕಾರಣ ಅದು, ಸರಿ. ಆದ್ರೆ ನಾಳೆ ಯಾವುದೋ ಟೀಮಿನ ಓನರ್ ಪೂರ್ತಿಯಾಗಿ ಎತ್ತಿಕೊಂಡು ಹೊರಟ್ರೆ ತಡೆದು ಕೇಳೋಕೆ ನಮ್ಮ ಹತ್ತಿರ ಏನಿದೆ? ವಿಂಬಲ್ಡನ್ನಿನವರ ಕೈಲಿ ಡಿಕಿ ಗೈ ಇದ್ದ. ನಮ್ಮಲ್ಲೂ ಇದ್ದಾರೆ, ನಾವು ಅವರ ಹೆಸರು ಕಳ್ಕೊಂಡಿದ್ದೀವಿ. 1948ರ ಒಲಿಂಪಿಕ್ಸ್ ಫುಟ್‌ಬಾಲ್, ಇದೇ ಲಂಡನ್ನಿನ ಪೂರ್ವಕ್ಕಿರೋ ಇಲ್ಫರ್ಡ್, ಎದುರಾಳಿ ಫ್ರಾನ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ ಪಂದ್ಯ. 2-1 ಸೋತ್ವಿ. ನಮ್ಮ ಆ ಒಂದು ಗೋಲು, ಒಲಿಂಪಿಕ್ಸ್‌ನಲ್ಲಿ ಭಾರತದ ಮೊಟ್ಟಮೊದಲ ಫುಟ್‌ಬಾಲ್ ಗೋಲು, ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ಟೀಮಲ್ಲಿ ಬೆಂಗಳೂರಿನ ಅಹ್ಮದ್ ಖಾನ್ ಇದ್ರು, ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಅಭಿಮಾನಿಗಳು ಪಂಚಪಾಂಡವರು ಅಂತ ಕರೆದ ಐವರಲ್ಲಿ ಒಬ್ಬರು. ಅವರನ್ನ ಕಲ್ಕತ್ತೆ ನೆನಪಿಟ್ಟಿದೆ, ಬೆಂಗಳೂರು ಮರೆತಿದೆ. 1967-68, 1968-69 ಎರಡೂ ಸಲ ಸಂತೋಷ್ ಟ್ರೋಫಿ ಗೆದ್ದ ಮೈಸೂರು ರಾಜ್ಯದ ಟೀಮಿನ ಹನ್ನೊಂದು ಹೆಸರು ಹೇಳಬಲ್ಲ ನನ್ನ ವಯಸ್ಸಿನವರು ಎಷ್ಟು ಜನ ಇದ್ದಾರೆ? ಮತ್ತೆ ಆ ಟ್ರೋಫಿ ಕರ್ನಾಟಕಕ್ಕೆ ಬಂದಿದ್ದು 2023ರಲ್ಲಿ, 54 ವರ್ಷ ಆದ ಮೇಲೆ. ಆ ಫೈನಲ್ ನಡೆದಿದ್ದೂ ಸೌದಿ ಅರೇಬಿಯಾದಲ್ಲಿ! ಯಾರಿಗೆ ತೋರಿಸೋಕೋ ಏನೋ.

ಹಲಸೂರು, ಗೌತಮಪುರ, ಆಸ್ಟಿನ್ ಟೌನ್ ಕಡೆಯ ಬ್ಲಾಗಿಗರು ಯಾರಾದ್ರೂ ಇದನ್ನ ಓದ್ತಿದ್ರೆ ಒಂದು ಕೆಲಸ ಮಾಡಿ. ಮನೇಲಿ ತಾತ, ದೊಡ್ಡಪ್ಪ, ಪಕ್ಕದ ಮನೆ ಹಿರಿಯರು ಇದ್ರೆ ಕೇಳಿ, ಐಟಿಐ, ಎಚ್‌ಎಎಲ್ ಟೀಮುಗಳ ಕಾಲದಲ್ಲಿ ಅವರ ಕಣ್ಣಿಗೆ ಹೀರೋ ಯಾರಾಗಿದ್ರು ಅಂತ. ಗೋಲು ಹೊಡೆದವರಷ್ಟೇ ಅಲ್ಲ, ಗೋಲಿಗಳ ಹೆಸರನ್ನೂ ಕೇಳಿ. ಕೇಳಿದ್ದನ್ನ ನಿಮ್ಮ ನಿಮ್ಮ ಬ್ಲಾಗಲ್ಲಿ ಬರೀರಿ, ಇಲ್ಲಾಂದ್ರೆ ಇಲ್ಲೇ ಕೆಳಗೆ ಬರೀರಿ. ಫೋಟೋ ಇದ್ರೆ ಇನ್ನೂ ಒಳ್ಳೇದು.